ಅಡುಗೆಮನೆಯಲ್ಲಿ ಸ್ನಾನದ ತೊಟ್ಟಿ ಇಟ್ಟವಳನ್ನು ತಿದ್ದಬೇಡಿ

ಪ್ರಶ್ನೆ: ನನ್ನ ಮಗಳಿಗೆ ಐದೂವರೆ ವರ್ಷ, ಯುಕೆಜಿ. ಅವರಪ್ಪನ ಲ್ಯಾಪ್‌ಟಾಪಿನಲ್ಲಿ ರಾಜಕುಮಾರಿಯ ಗೊಂಬೆ ಮನೆ ಸಿಂಗರಿಸುವ ಆಟವೊಂದನ್ನು ದಿನಾ ಮುಕ್ಕಾಲು ಗಂಟೆ ಆಡುತ್ತಾಳೆ. ಖಾಲಿ ಕೋಣೆಗಳಿರುತ್ತವೆ. ಮಂಚ, ಕನ್ನಡಿ, ಪರದೆ, ದೀಪ ಎಲ್ಲವನ್ನೂ ಪಕ್ಕದ ಪಟ್ಟಿಯಿಂದ ಎಳೆದು ತಂದು ಇಡಬೇಕು. ಸಿಂಡ್ರೆಲಾ, ಸ್ನೋ ವೈಟ್ ಥರದ ಗೊಂಬೆಗಳೂ ಇವೆ. ಇವಳು ಸ್ನಾನದ ತೊಟ್ಟಿಯನ್ನು ಅಡುಗೆಮನೆಯಲ್ಲಿ ಇಡುತ್ತಾಳೆ, ಒಲೆ ಪಕ್ಕ ಮಂಚ ಹಾಕುತ್ತಾಳೆ. "ಅದು ಅಲ್ಲಲ್ಲ ಪುಟ್ಟಿ" ಅಂದರೆ ಮುನಿಸು. ಎಲ್ಲ ಆದ ಮೇಲೆ ಅಳಿಸಿ ಮೊದಲಿಂದ ಶುರು. ಈಗ ಅದೇ ಆಟ ನನ್ನ ಫೋನಿಗೂ ಬಂದಿದೆ. ಅದರಲ್ಲಿ ಅರ್ಧ ಸಾಮಾನಿಗೆ ಬೀಗದ ಚಿತ್ರ. ಜಾಹೀರಾತು ನೋಡು ಇಲ್ಲವೇ ದುಡ್ಡು ಕೊಡು ಅನ್ನುತ್ತದೆ, ಇವಳು ಅಳುತ್ತಾಳೆ. ನಮ್ಮತ್ತೆ "ಆ ಪೆಟ್ಟಿಗೆ ಮುಚ್ಚಿ ಒಂದು ಗೊಂಬೆ ಕೊಡಿಸಿ" ಅನ್ನುತ್ತಾರೆ. ಅಂಗಡಿಯಲ್ಲಿ ಗೊಂಬೆ ಮನೆಗೆ ಆರು ಸಾವಿರ ಹೇಳಿದರು. ಆಟ ಬಿಡಿಸಬೇಕೇ? ಇದರಿಂದ ಏನಾದರೂ ಕಲಿಯುತ್ತಾಳೆಯೇ?
— ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಮೊದಲು ಆ ತೊಟ್ಟಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು.

ನಾನು ಮಕ್ಕಳ ಆಟಗಳನ್ನು ರೂಪಿಸುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ತಂಡ ಇಂಥದ್ದೇ ಒಂದು ಗೊಂಬೆ ಮನೆ ಮಾಡಿತ್ತು. ಪ್ರತಿ ಸಾಮಾನಿಗೂ ಒಂದು ಜಾಗ ಗೊತ್ತು ಮಾಡಿದ್ದೆವು. ಮಂಚ ಅಂದರೆ ಮಲಗುವ ಕೋಣೆಯ ನೆಲ, ಗಡಿಯಾರ ಅಂದರೆ ಗೋಡೆ. ಸರಿಯಾದ ಜಾಗದ ಹತ್ತಿರ ತಂದರೆ ಸಾಮಾನು ತಾನೇ ಹೋಗಿ ಕೂರುತ್ತದೆ, ಬೇರೆ ಕಡೆ ಬಿಟ್ಟರೆ "ಟುಂಯ್" ಅಂತ ಸದ್ದು ಮಾಡಿ ಪಟ್ಟಿಗೆ ವಾಪಸ್ ಹಾರುತ್ತದೆ. ನಮ್ಮ ಕೆಲಸದ ಭಾಷೆಯಲ್ಲಿ ಇದಕ್ಕೆ ಸ್ನ್ಯಾಪ್ ಅನ್ನುತ್ತೇವೆ. ಬಹಳ ಅಚ್ಚುಕಟ್ಟಾಗಿ ಮಾಡಿದ್ದೇವೆ ಅಂತ ನಮಗೆ ಹೆಮ್ಮೆ. ಒಂದು ಶಿಶುವಿಹಾರಕ್ಕೆ ತೆಗೆದುಕೊಂಡು ಹೋಗಿ ಮಕ್ಕಳ ಮುಂದಿಟ್ಟೆವು. ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬಂದಿದ್ದ ಮನೆಯ ಹುಡುಗನೊಬ್ಬ ಮಂಚವನ್ನು ಎಳೆದು ಮನೆಯ ಸೂರಿನ ಮೇಲೆ ಇಡುತ್ತಾನೆ, ಟುಂಯ್. ಮತ್ತೆ ಇಡುತ್ತಾನೆ, ಮತ್ತೆ ಟುಂಯ್. ಹತ್ತು ಹನ್ನೊಂದು ಸಲ ಆಯಿತು. ಕೊನೆಗೆ ನನ್ನ ಕಡೆ ತಿರುಗಿ "ಅಕ್ಕಾ, ಇದು ಕೆಟ್ಟದ" ಅಂದ. ಯಾಕಪ್ಪಾ ಮೇಲಿಡುತ್ತೀಯಾ ಅಂತ ಕೇಳಿದೆ. "ಕರೆಂಟ್ ಹೋಗ್ಯಾದ. ಒಳಗ ಭಾಳ ಧಗಿ ಅದ. ಎಲ್ಲಾರೂ ಮಾಳಗಿ ಮ್ಯಾಲ ಮಲ್ಕೋತಾರ" ಅಂದ, ಇಷ್ಟೂ ಗೊತ್ತಿಲ್ಲವಾ ಎನ್ನುವ ಮುಖ ಮಾಡಿಕೊಂಡು.

ಅವನ ಮನೆಯಲ್ಲಿ ಜನ ವಾಸವಾಗಿದ್ದರು. ನಾವು ಮಾಡಿದ ಮನೆಯಲ್ಲಿ ಬರೀ ಪೀಠೋಪಕರಣ ಇತ್ತು. ವಾಪಸ್ ಬಂದು ಆ ನಿಯಮವನ್ನೇ ಕಿತ್ತುಹಾಕಿದೆವು. ಮಾಡಲು ಮೂರು ವಾರ ಹಿಡಿದಿದ್ದ ಕೆಲಸ ತೆಗೆಯಲು ಒಂದು ಮಧ್ಯಾಹ್ನ ಸಾಕಾಯಿತು.

ಆದ್ದರಿಂದ ತೊಟ್ಟಿ ಯಾಕೆ ಅಡುಗೆಮನೆಯಲ್ಲಿದೆ ಅಂತ ಕೇಳಿ, ಸರಿಪಡಿಸಲು ಮಾತ್ರ ಹೋಗಬೇಡಿ. ಬಿಸಿನೀರು ಒಲೆ ಮೇಲೆ ತಾನೇ ಕಾಯುವುದು, ಹೊತ್ತುಕೊಂಡು ಹೋಗುವವರು ಯಾರು ಅಂತ ಅವಳು ಯೋಚಿಸಿರಬಹುದು. ಒಲೆ ಪಕ್ಕದ ಮಂಚದ ಮೇಲೆ ಚಳಿ ಹತ್ತಿದ ಅಜ್ಜಿ ಮಲಗಿರಬಹುದು. ಅಥವಾ ಏನೂ ಇಲ್ಲದೆ, ಆ ಬಣ್ಣ ಅಲ್ಲಿ ಚೆನ್ನಾಗಿ ಕಂಡಿತು ಅಂತಲೂ ಇರಬಹುದು. ಐದು ವರ್ಷದವರಿಗೆ ಅಷ್ಟು ಕಾರಣ ಸಾಕು.

ಇಂಥ ಆಟವನ್ನು ಬೇಕು ಬೇಡ ಅಂತ ತೂಗುವಾಗ ನಾನು ನೋಡುವುದು ಒಂದೇ ವಿಷಯ. ಸಿಂಗಾರ ಮುಗಿದ ಮೇಲೆ ಏನಾಗುತ್ತದೆ? ಕೋಣೆ ಸಿದ್ಧವಾದ ಕೂಡಲೇ ಮೂರು ನಕ್ಷತ್ರ ಉದುರಿ, ಚಪ್ಪಾಳೆ ಕೇಳಿಸಿ, ಮುಂದಿನ ಕೋಣೆಗೆ ದುಡ್ಡು ಕೇಳಿದರೆ ಅದು ಅಲಂಕಾರದ ಕಾರ್ಖಾನೆ. ಸಿದ್ಧವಾದ ಕೋಣೆಯೊಳಗೆ ಗೊಂಬೆಯನ್ನು ಕರೆತಂದು ಕೂರಿಸಿ, ಊಟ ಹಾಕಿ, ಜಗಳ ಮಾಡಿಸಿ, ದೀಪ ಆರಿಸಿ ಮಲಗಿಸಲು ಬಿಟ್ಟರೆ ಅದು ಗೊಂಬೆ ಮನೆ. ನಿಮ್ಮ ಮಗಳ ಲ್ಯಾಪ್‌ಟಾಪಿನ ಆಟ ಎರಡನೆಯ ಜಾತಿಯದು ಅಂತ ನಿಮ್ಮ ಪತ್ರದಿಂದಲೇ ಅನ್ನಿಸುತ್ತದೆ. ತೊಟ್ಟಿಯನ್ನು ಅಡುಗೆಮನೆಯಲ್ಲಿ ಇಡಲು ಬಿಟ್ಟಿದೆಯಲ್ಲ.

ಗೊಂಬೆ ಮನೆ ಅನ್ನುವುದು ಹುಟ್ಟಿದ್ದೇನೂ ಮಕ್ಕಳಿಗಾಗಿ ಅಲ್ಲ. ದಾಖಲೆಯಲ್ಲಿ ಸಿಗುವ ಹಳೆಯ ಗೊಂಬೆ ಮನೆಗಳಲ್ಲೊಂದು 1558ರ ಹೊತ್ತಿಗೆ ಜರ್ಮನಿಯ ಬವೇರಿಯಾದ ದೊರೆ ಐದನೇ ಆಲ್ಬ್ರೆಕ್ಟ್ ಮಾಡಿಸಿದ್ದು. ಅದು ಸೇರಿದ್ದು ಅರಮನೆಯ ಕಲಾಸಂಗ್ರಹವನ್ನು, 1674ರಲ್ಲಿ ಬೆಂಕಿಗೆ ಹೋಯಿತು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬಾಕೆಯ ಗೊಂಬೆ ಮನೆ ಇದೆ. 1686ರ ಸುಮಾರಿಗೆ ಶುರು ಮಾಡಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದಕ್ಕೆ ಖರ್ಚು ಮಾಡಿದಳು. ಆ ದುಡ್ಡಿಗೆ ಕಾಲುವೆ ದಂಡೆಯ ಮೇಲೆ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತಂತೆ. ಮಕ್ಕಳ ಕೈಗೆ ಕೊಡುವ ವಸ್ತುವಂತೂ ಅದಾಗಿರಲಿಲ್ಲ. ಅದೇ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಗೊಂಬೆ ಮನೆಯ ಪುಟ್ಟ ಪಾತ್ರೆ ಪರಡಿ ತೋರಿಸಿ ಹೆಣ್ಣುಮಕ್ಕಳಿಗೆ ಸಂಸಾರದ ಪಾಠ ಹೇಳುತ್ತಿದ್ದರು. "ಅದು ಅಲ್ಲಲ್ಲ ಪುಟ್ಟಿ" ಅನ್ನುವ ಮಾತು ಆಗಿನಿಂದಲೇ ಬಂದಿರಬೇಕು!

ನಿಮ್ಮ ಮಗಳು ಆಡುವ ಆಟಕ್ಕೆ ಅಜ್ಜಿ ಅನ್ನಬಹುದಾದ ಮನೆ ಅಮೆರಿಕದ ಷಿಕಾಗೊದಲ್ಲಿದೆ. ಕಾಲೀನ್ ಮೂರ್ ಎಂಬ ಮೂಕಿ ಚಿತ್ರಗಳ ನಟಿ 1928ರಲ್ಲಿ ಕಿನ್ನರಿಯರ ಕೋಟೆಯೊಂದನ್ನು ಕಟ್ಟಿಸಲು ಶುರು ಮಾಡಿದಳು. ನಿಜವಾದ ಒಂದಡಿಗೆ ಕೋಟೆಯಲ್ಲಿ ಒಂದಂಗುಲದ ಲೆಕ್ಕ. ಸಿಂಡ್ರೆಲಾಳ ಗಾಜಿನ ಪಾದರಕ್ಷೆ ಇದೆ, ಆರ್ಥರ್ ದೊರೆಯ ದುಂಡು ಮೇಜಿದೆ, ರಾಜಕುಮಾರಿಯ ಮಂಚಕ್ಕೆ ಜೇಡರ ಬಲೆಯಂತೆ ಹೆಣೆದ ಚಿನ್ನದ ಹೊದಿಕೆ ಇದೆ. ಸುಮಾರು ಐದು ಲಕ್ಷ ಡಾಲರ್ ಬಿತ್ತು. ದೇಶವಿಡೀ ಆರ್ಥಿಕ ಕುಸಿತದಲ್ಲಿದ್ದಾಗ, 1935ರಿಂದ, ಅದನ್ನು ಊರೂರು ಸುತ್ತಿಸಿ ಮಕ್ಕಳ ನೆರವಿಗೆ ಹಣ ಕೂಡಿಸಿದಳು. 1949ರಿಂದ ಅಲ್ಲಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ, ಗಾಜಿನಾಚೆ. ಕಂಪ್ಯೂಟರ್ ಮಾಡಿದ ಉಪಕಾರ ಇಷ್ಟೇ, ಆ ಗಾಜನ್ನು ತೆಗೆದಿದೆ. ಮುಟ್ಟಿದರೆ ಒಡೆಯುವುದಿಲ್ಲ.

ಕಂಪ್ಯೂಟರಿಗೆ ಗೊಂಬೆ ಮನೆ ಬಂದ ಕಥೆಯಲ್ಲೂ ನನ್ನ ಮಾತಿಗೆ ಸಾಕ್ಷಿ ಇದೆ. 1985ರಲ್ಲೇ ಒಂದು ಮನೆ, ಅದರೊಳಗೆ ಓಡಾಡುವ ಒಬ್ಬ ಪುಟ್ಟ ಮನುಷ್ಯ ಇರುವ ಆಟ ಬಂದಿತ್ತು. ಆದರೆ ಜಗತ್ತಿಗೆಲ್ಲ ಗೊತ್ತಾದದ್ದು 2000ದಲ್ಲಿ ಬಂದ ದಿ ಸಿಮ್ಸ್. ಅದನ್ನು ರೂಪಿಸಿದ ವಿಲ್ ರೈಟ್ ಅವರ ಮನೆ 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಬೆಂಕಿಯಲ್ಲಿ ಸುಟ್ಟುಹೋಯಿತು. ಕಳೆದುಕೊಂಡ ಸಾಮಾನುಗಳನ್ನು ಒಂದೊಂದಾಗಿ ಮತ್ತೆ ಹೊಂದಿಸಿಕೊಳ್ಳುವಾಗ ಹೊಳೆದ ಯೋಚನೆ ಅದು. ಮೊದಲು ಅಂದುಕೊಂಡದ್ದು ಮನೆ ಕಟ್ಟುವ ಆಟ. ಒಳಗಿನ ಪುಟ್ಟ ಜನ ಇದ್ದದ್ದು ಮನೆ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳಲಿಕ್ಕೆ. ಮಾಡುತ್ತಾ ಮಾಡುತ್ತಾ ಮನೆಗಿಂತ ಆ ಜನರೇ ಸ್ವಾರಸ್ಯ ಅಂತ ಗೊತ್ತಾಗಿ ಆಟವೇ ಆ ಕಡೆ ಹೊರಳಿತು. ಕಂಪನಿಯೊಳಗೆ ಅದನ್ನು 'ಗೊಂಬೆ ಮನೆ' ಅಂತ ಕರೆಯುತ್ತಿದ್ದಾಗ ಯಾರೂ ಆಸಕ್ತಿ ತೋರಿಸಲಿಲ್ಲ, ಹುಡುಗರು ಮುಟ್ಟುವುದಿಲ್ಲ ಅಂತ. ಆಮೇಲೆ ಅದು ಲೋಕದಲ್ಲೇ ಅತಿ ಹೆಚ್ಚು ಮಾರಾಟವಾದ ಆಟಗಳ ಸಾಲಿಗೆ ಸೇರಿತು. (ದಿ ಸಿಮ್ಸ್ ದೊಡ್ಡವರ ಆಟ, ಯುಕೆಜಿ ಹುಡುಗಿಗೆ ಹಾಕಿಕೊಡಬೇಡಿ.)

ಏನಾದರೂ ಕಲಿಯುತ್ತಾಳಾ ಅಂತ ಕೇಳಿದ್ದೀರಿ. ಅವಳು ಈಗಾಗಲೇ ಕಲಿತಿರುವ ಒಂದು ದೊಡ್ಡ ವಿದ್ಯೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಜೂಡಿ ಡಿಲೋಚ್ ಎಂಬ ಮನೋವಿಜ್ಞಾನಿ 1987ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಕೋಣೆ, ಪಕ್ಕದಲ್ಲೇ ಆ ಕೋಣೆಯ ಪುಟ್ಟ ಮಾದರಿ, ಅಂದರೆ ಗೊಂಬೆ ಮನೆಯೇ. ಮಾದರಿಯೊಳಗಿನ ಪುಟ್ಟ ಸೋಫಾದ ಹಿಂದೆ ಪುಟ್ಟ ನಾಯಿ ಗೊಂಬೆಯನ್ನು ಮಗುವಿನ ಕಣ್ಣೆದುರೇ ಬಚ್ಚಿಡುವುದು. ದೊಡ್ಡ ನಾಯಿ ದೊಡ್ಡ ಕೋಣೆಯಲ್ಲಿ ಅದೇ ಜಾಗದಲ್ಲಿ ಅಡಗಿದೆ, ಹುಡುಕು ಅನ್ನುವುದು. ಮೂರು ವರ್ಷ ದಾಟಿದ ಮಕ್ಕಳು ನೇರ ಹೋಗಿ ಸೋಫಾದ ಹಿಂದೆ ಕೈಹಾಕಿದರು. ಎರಡೂವರೆ ವರ್ಷದವರು ತಬ್ಬಿಬ್ಬಾದರು. ಪುಟ್ಟ ನಾಯಿ ಎಲ್ಲಿದೆ ಅಂತ ಮರೆತಿರಲಿಲ್ಲ, ಕೇಳಿದರೆ ತೋರಿಸುತ್ತಿದ್ದರು. ಆದರೆ ಪುಟ್ಟ ಕೋಣೆ ದೊಡ್ಡ ಕೋಣೆಯ ಗುರುತು ಅಂತ ಹೊಳೆಯಲಿಲ್ಲ. ಹತ್ತು ವರ್ಷದ ನಂತರ ಡಿಲೋಚ್ ಅವರೇ ಇನ್ನೊಂದು ತಮಾಷೆ ಮಾಡಿದರು. ಕೋಣೆಯನ್ನು ಕುಗ್ಗಿಸುವ ಯಂತ್ರ ಅಂತ ಒಂದನ್ನು ತೋರಿಸಿ, ಈ ದೊಡ್ಡ ಕೋಣೆಯೇ ಕುಗ್ಗಿ ಇಷ್ಟಾಗಿದೆ ಅಂತ ಎರಡೂವರೆಯವರನ್ನು ನಂಬಿಸಿದರು. ಆಗ ಆ ಮಕ್ಕಳೂ ಬಚ್ಚಿಟ್ಟ ಗೊಂಬೆಯನ್ನು ಹುಡುಕಿಬಿಟ್ಟರು! ಕೋಣೆ ಅದೇ ಆದರೆ ಕಷ್ಟವಿಲ್ಲ. ಒಂದು ವಸ್ತು ತಾನೂ ಆಗಿದ್ದು ಇನ್ನೊಂದನ್ನೂ ಸೂಚಿಸುತ್ತದೆ ಅನ್ನುವುದೇ ಕಷ್ಟ. ನಕ್ಷೆ, ಅಂಕಿ, ಅಕ್ಷರ ಎಲ್ಲಕ್ಕೂ ಬೇಕಾದ ಬುದ್ಧಿ ಇದೇ.

ನಿಮ್ಮವಳು ಅದನ್ನು ದಾಟಿ ಬಹಳ ದೂರ ಬಂದಿದ್ದಾಳೆ. ಅವಳ ಲ್ಯಾಪ್‌ಟಾಪಿನ ಮನೆಗೆ ಮುಂಗೋಡೆಯೇ ಇಲ್ಲ, ಸೀಳಿಟ್ಟ ಹಲಸಿನ ಹಣ್ಣಿನ ಹಾಗೆ ಎಲ್ಲ ಕೋಣೆ ಒಟ್ಟಿಗೆ ಕಾಣುತ್ತವೆ. ಅದನ್ನು ಮನೆ ಅಂತ ಒಪ್ಪಿಕೊಂಡು, ಮೇಲೆ ಇರುವುದು ಮಹಡಿ, ಚಿಕ್ಕದಾಗಿ ಕಾಣುವುದು ದೂರದ್ದು, ಪರದೆಯ ಹಿಂದೆ ಗೊಂಬೆ ಅಡಗಿದೆ ಅಂತ ಲೆಕ್ಕ ಹಾಕುತ್ತಾಳೆ. ಮೇಲೆ, ಕೆಳಗೆ, ಒಳಗೆ, ಹಿಂದೆ, ನಡುವೆ ಎಂಬ ಮಾತುಗಳು ಇಲ್ಲಿ ಧಾರಾಳವಾಗಿ ಬೇಕಾಗುತ್ತವೆ. ಆದರೆ ಆ ಮಾತನ್ನು ಅವಳು ಆಡಬೇಕಾದರೆ ಕೇಳುವವರು ಬೇಕು. ಮಂಚ ಎಷ್ಟು ಭಾರ, ಒರಗಿಸಿದ ಕನ್ನಡಿ ಯಾಕೆ ಬೀಳುತ್ತದೆ, ದೊಡ್ಡ ಬೀರು ಸಣ್ಣ ಬಾಗಿಲಲ್ಲಿ ಯಾಕೆ ತೂರುವುದಿಲ್ಲ ಎನ್ನುವುದನ್ನು ಈ ಆಟ ಕಲಿಸುವುದಿಲ್ಲ. ಅಲ್ಲಿ ಯಾವುದೂ ಬೀಳುವುದಿಲ್ಲ. ಅದಕ್ಕೆ ಕೈಗೆ ಸಿಗುವ ಗೊಂಬೆಯೇ ಆಗಬೇಕು. ಅಷ್ಟರ ಮಟ್ಟಿಗೆ ನಿಮ್ಮ ಅತ್ತೆಯವರ ಮಾತು ಸರಿ.

2020ರಲ್ಲಿ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು 4ರಿಂದ 8 ವರ್ಷದ 33 ಮಕ್ಕಳನ್ನು ಗೊಂಬೆ ಕೊಟ್ಟೂ ಟ್ಯಾಬ್ಲೆಟ್ ಕೊಟ್ಟೂ ಆಡಿಸಿ ಮಿದುಳಿನ ಚಟುವಟಿಕೆ ನೋಡಿದರು. ಇನ್ನೊಬ್ಬರ ಮನಸ್ಸನ್ನು ಅರಿಯುವಾಗ ಚುರುಕಾಗುವ ಒಂದು ಭಾಗವಿದೆ. ಗೊಂಬೆ ಹಿಡಿದಾಗ ಮಗು ಒಂಟಿಯಾಗಿದ್ದರೂ ಅದು ಚುರುಕಾಗಿಯೇ ಇತ್ತು. ಟ್ಯಾಬ್ಲೆಟ್ ಹಿಡಿದು ಒಂಟಿಯಾಗಿ ಕೂತಾಗ ಮಂಕು, ಪಕ್ಕದಲ್ಲಿ ಇನ್ನೊಬ್ಬರು ಕೂತು ಜೊತೆಗೆ ಆಡಿದಾಗ ಚುರುಕು. ಖರ್ಚು ಹಾಕಿದ್ದು ಬಾರ್ಬಿ ಗೊಂಬೆ ಮಾಡುವ ಮ್ಯಾಟೆಲ್ ಕಂಪನಿ ಅನ್ನುವುದನ್ನು ಮರೆಯದೆ ಇದನ್ನು ಓದಬೇಕು. ಆದರೂ ಪಕ್ಕದಲ್ಲಿ ಕೂತರೆ ಆಟವೇ ಬೇರೆಯಾಗುತ್ತದೆ ಅನ್ನುವುದನ್ನು ನಾನು ಕೆಲಸದಲ್ಲಿ ಎಷ್ಟೋ ಸಲ ಕಂಡಿದ್ದೇನೆ. ದಿನಾ ಮುಕ್ಕಾಲು ಗಂಟೆ ಕೂರಿ ಅಂತ ನಾನು ಹೇಳುವುದಿಲ್ಲ, ನಿಮಗೂ ಕೆಲಸವಿದೆ. ಹತ್ತು ನಿಮಿಷ, ಸೊಪ್ಪು ಬಿಡಿಸುತ್ತಾ ಆದರೂ ಸರಿ. "ಈ ಮನೆಯಲ್ಲಿ ಯಾರ್ಯಾರು ಇದ್ದಾರೆ? ರಾತ್ರಿ ಊಟಕ್ಕೆ ಏನು?" ಇಷ್ಟು ಕೇಳಿದರೆ ಮಿಕ್ಕದ್ದು ಅವಳೇ ಶುರು ಮಾಡುತ್ತಾಳೆ.

ಒಂದು ಸಣ್ಣ ವಿಷಯ. ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲಿ ಒತ್ತಿ ಹಿಡಿದುಕೊಂಡೇ ಎಳೆಯುವುದು ಸಣ್ಣ ಬೆರಳಿಗೆ ಕಷ್ಟ. ಅರ್ಧ ದಾರಿಯಲ್ಲಿ ಬೆರಳು ಬಿಟ್ಟುಹೋಗಿ ಮಂಚ ಎಲ್ಲೋ ಬೀಳುತ್ತದೆ. ಅವಳ ಕೆಲವು "ತಪ್ಪು" ಜಾಗಗಳು ಹಾಗೆಯೂ ಆಗಿರಬಹುದು. ತಂತಿ ಇರುವ ಚಿಕ್ಕ ಮೌಸ್ ಒಂದು ತಂದುಕೊಡಿ. ಒಮ್ಮೆ ಒತ್ತಿ ಎತ್ತಿಕೊಂಡು, ಇನ್ನೊಮ್ಮೆ ಒತ್ತಿ ಇಡುವ ಸೌಲಭ್ಯ ಆಟದಲ್ಲಿದ್ದರೆ ಇನ್ನೂ ಒಳ್ಳೆಯದು. ಮಕ್ಕಳಿಗೆ ಎಳೆಯುವುದಕ್ಕಿಂತ ಅದೇ ಸಲೀಸು ಅಂತ ಕೆನಡಾದ ಕೋರಿ ಇಂಕ್‌ಪೆನ್ 2001ರಲ್ಲೇ ತೋರಿಸಿದ್ದಾರೆ. ಆದರೂ ಇವತ್ತಿಗೂ ಎಷ್ಟೋ ಆಟಗಳು ಎಳೆಸುತ್ತಲೇ ಇವೆ.

ಈಗ ಬೀಗದ ವಿಷಯ. ಇಲ್ಲಿ ನನಗೆ ಕೋಪ ಬರುತ್ತದೆ, ಸ್ವಲ್ಪ ಉದ್ದ ಬರೆದರೆ ಕ್ಷಮಿಸಿ.

ಫೋನಿನ ಆಟದಲ್ಲಿ ಯಾವ ಸಾಮಾನಿಗೆ ಬೀಗ ಬಿದ್ದಿದೆ ಅಂತ ಒಮ್ಮೆ ಗಮನಿಸಿ. ಕಸದ ಬುಟ್ಟಿಗೆ ಬಿದ್ದಿರುವುದಿಲ್ಲ. ಮಂಚ ಬಿಟ್ಟಿ, ಅದೇ ಹೂವಿನ ಚಿತ್ರದ ದಿಂಬಿಗೆ ಬೀಗ. ಕುರ್ಚಿ ಮೂರು ಬಿಟ್ಟಿ, ನಾಲ್ಕನೆಯದಕ್ಕೆ ಬೀಗ. ಜೊತೆ ಒಡೆದು ಇಡುವುದು ನಮ್ಮ ಕಸುಬಿನ ಹಳೆಯ ಕುಯುಕ್ತಿ. ಅರ್ಧ ಸಿಂಗರಿಸಿದ ಕೋಣೆ ಮಗುವಿನ ಕಣ್ಣಿಗೆ ಚುಚ್ಚುತ್ತಲೇ ಇರಬೇಕು ಅನ್ನುವುದು ಲೆಕ್ಕ. ಮೊದಲ ದಿನ ಬೀಗ ಕಡಿಮೆ ಕಾಣಿಸುತ್ತದೆ. ಆಸೆ ಹತ್ತಿದ ಮೇಲೆ ಹೆಚ್ಚುತ್ತದೆ. ಜಾಹೀರಾತು ನೋಡಿದರೆ ಒಂದೇ ಸಾಮಾನು, ಅದೂ ಕೆಲವು ಕಡೆ ಆಟ ಮುಚ್ಚಿದರೆ ಹೋಯಿತು. ಜಾಹೀರಾತು ಮುಚ್ಚುವ ಗುಣಾಕಾರದ ಗುರುತನ್ನು ಎಷ್ಟು ಸಣ್ಣದು ಮಾಡುತ್ತಾರೆಂದರೆ ನನ್ನ ಬೆರಳೇ ತಪ್ಪುತ್ತದೆ. ಆದ್ದರಿಂದ ಅವಳು ಅಳುವುದನ್ನು ಹಠ ಅಂತ ತಿಳಿಯಬೇಡಿ. ಆ ಅಳು ಬರಲಿ ಅಂತಲೇ ಯಾರೋ ಒಬ್ಬರು ಕೂತು ಲೆಕ್ಕ ಹಾಕಿದ್ದಾರೆ.

ಇದು ಬರೀ ನನ್ನ ಸಿಟ್ಟಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪುಟ್ಟ ಮಕ್ಕಳ 135 ಆ್ಯಪ್‌ಗಳನ್ನು ಪರಿಶೀಲಿಸಿದಾಗ ನೂರಕ್ಕೆ 95ರಲ್ಲಿ ಒಂದಲ್ಲ ಒಂದು ಬಗೆಯ ಜಾಹೀರಾತು ಇತ್ತು. ಒಂದು ಆಟದಲ್ಲಂತೂ ಖರೀದಿ ಮಾಡದೆ ಅಂಗಡಿ ಮುಚ್ಚಿದರೆ ಪಾತ್ರವೇ ಅಳಲು ಶುರು ಮಾಡುತ್ತಿತ್ತು. ಅಮೆರಿಕದಲ್ಲಿ ಮಕ್ಕಳು ಹೆತ್ತವರಿಗೆ ತಿಳಿಯದೆ ಮಾಡಿದ ಖರೀದಿಗಳ ಮೇಲೆ ಸರ್ಕಾರದ ವ್ಯಾಪಾರ ಆಯೋಗ ಕ್ರಮಕ್ಕಿಳಿದ ಮೇಲೆ, 2014ರಲ್ಲಿ ಆ್ಯಪಲ್ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಗ್ರಾಹಕರಿಗೆ ಹಿಂದಿರುಗಿಸಲು ಒಪ್ಪಬೇಕಾಯಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರನ್ನೆಲ್ಲ ಮಕ್ಕಳು ಅನ್ನುತ್ತದೆ. ಅವರ ಬೆನ್ನುಹತ್ತಿ ಮಾಹಿತಿ ಕಲೆಹಾಕುವುದಕ್ಕೂ ಅವರನ್ನೇ ಗುರಿಯಾಗಿಸಿ ಜಾಹೀರಾತು ಬಿಡುವುದಕ್ಕೂ ಅದರಲ್ಲಿ ತಡೆ ಇದೆ. ಒಳ್ಳೆಯ ಮಾತು. ಆದರೆ ದಿಂಬಿನ ಮೇಲಿನ ಬೀಗವನ್ನು ಆ ಕಾಯ್ದೆ ಬಂದು ತೆಗೆಯುವುದಿಲ್ಲ.

ಆದ್ದರಿಂದ ಫೋನಿನಲ್ಲಿರುವುದನ್ನು ತೆಗೆದುಹಾಕಿ. ಲ್ಯಾಪ್‌ಟಾಪಿನದು ಇರಲಿ. ಅವಳು ಗಲಾಟೆ ಮಾಡುತ್ತಾಳೆ, ಎರಡು ದಿನ. "ಆ ಅಂಗಡಿಯವನು ಸರಿಯಿಲ್ಲ, ದಿಂಬು ತೋರಿಸಿ ಕೊಡಲ್ಲ ಅಂತಾನೆ" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಐದು ವರ್ಷದವರಿಗೆ ಅದು ಅರ್ಥವಾಗುತ್ತದೆ. ಫೋನಿನಲ್ಲೇ ಬೇಕು ಅಂತಾದರೆ ಪ್ಲೇ ಸ್ಟೋರಿನಲ್ಲಿ ಆಟದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಜಾಹೀರಾತು ಇದೆ, ಒಳಗೆ ಖರೀದಿ ಇದೆ ಅಂತ ಬರೆದಿರುತ್ತದೆ. ಎರಡೂ ಇಲ್ಲದ, ಒಮ್ಮೆ ದುಡ್ಡು ಕೊಟ್ಟರೆ ಮುಗಿಯುವ ಆಟ ಹುಡುಕಿ. ಅಂಥವು ಈಗ ಕಡಿಮೆ. ಮಕ್ಕಳ ಆಟಗಳನ್ನು ಮಾಡುವ ಸ್ವೀಡನ್ನಿನ ಟೋಕಾ ಬೋಕಾ ಕಂಪನಿಯವರು 2011ರಲ್ಲಿ ಮೊದಲ ಆಟಗಳನ್ನು ತಂದಾಗ ಹಾಗೆಯೇ ಮಾರುತ್ತಿದ್ದರು, ಜಾಹೀರಾತೂ ಇರಲಿಲ್ಲ. 2018ರಲ್ಲಿ ಬಂದ ಅವರ ದೊಡ್ಡ ಆಟ ಬಿಟ್ಟಿಯಾಗಿ ಶುರುವಾಗಿ ಒಳಗೆ ಮನೆ, ಅಂಗಡಿಗಳನ್ನು ಮಾರುತ್ತದೆ. ಏನೇ ಆಗಲಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಹಾಕಿಡಿ. ತಿಂಗಳ ಚಂದಾ ಅಂತ ಯುಪಿಐ ಆಟೋಪೇ ಒಪ್ಪಿದ್ದರೆ ನಿಮ್ಮ ಯುಪಿಐ ಆ್ಯಪಿನಲ್ಲೇ ಹೋಗಿ ರದ್ದು ಮಾಡಿ. ಆಟ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಡೇಟಾ ಆಫ್ ಮಾಡಿ ಆಡಿಸಿ ನೋಡುವುದೂ ಒಳ್ಳೆಯ ಪರೀಕ್ಷೆ. ಮಂಚ ಎಳೆದಿಡುವುದಕ್ಕೆ ಇಂಟರ್ನೆಟ್ ಯಾಕೆ ಬೇಕು?

ಸಿಂಡ್ರೆಲಾ, ಸ್ನೋ ವೈಟ್ ಬಗ್ಗೆ ನೀವು ಏನೂ ದೂರು ಹೇಳಿಲ್ಲ, ಆದರೂ ಒಂದು ಮಾತು. ಇಂಥ ಆಟಗಳ ಸಾಮಾನು ಪಟ್ಟಿ ನೋಡಿದರೆ ಕಥೆ ಯಾವ ಊರಿನದು ಅಂತ ಗೊತ್ತಾಗುತ್ತದೆ. ಕುಂಬಳಕಾಯಿ ರಥ, ಗಾಜಿನ ಚಪ್ಪಲಿ, ಬೆಂಕಿಗೂಡು. ಅದರಲ್ಲಿ ತಪ್ಪೇನಿಲ್ಲ, ಅವು ಯುರೋಪಿನ ಕಥೆಗಳೇ. ಕುಂಬಳಕಾಯಿಯೂ ಗಾಜಿನ ಚಪ್ಪಲಿಯೂ 1697ರಲ್ಲಿ ಫ್ರಾನ್ಸಿನ ಷಾರ್ಲ್ ಪೆರೋ ಹೇಳಿದ ಕಥೆಯಿಂದ ಬಂದವು. ಜರ್ಮನಿಯ ಗ್ರಿಮ್ ಸಹೋದರರ ಸಿಂಡ್ರೆಲಾಗೆ ಕುಂಬಳಕಾಯಿಯೇ ಇಲ್ಲ, ಅವಳಿಗೆ ಬಟ್ಟೆ ಕೊಡುವುದು ತಾಯಿಯ ಸಮಾಧಿಯ ಮೇಲೆ ಬೆಳೆದ ಮರದ ಹಕ್ಕಿ. ಅಂದರೆ ಇದು ಊರಿಂದೂರಿಗೆ ಸಾಮಾನು ಬದಲಾಯಿಸಿಕೊಳ್ಳುತ್ತಾ ಬಂದ ಕಥೆ. ನಮ್ಮಲ್ಲೂ ಒಬ್ಬಳಿದ್ದಾಳೆ. ಎ. ಕೆ. ರಾಮಾನುಜನ್ ಅವರು ಕನ್ನಡದಲ್ಲಿ ಕೇಳಿ ಜಗತ್ತಿಗೆ ಹೇಳಿದ ಹಂಚಿಯ ಕಥೆ. ಹೊನ್ನಿನ ಕೂದಲಿನ ಹುಡುಗಿ ಮಣ್ಣಿನ ಮುಖವಾಡ ಹಾಕಿಕೊಂಡು ಊರು ಬಿಟ್ಟು ಹೋಗುತ್ತಾಳೆ. ಹಂಚಿನ ಮುಖದವಳು, ಅದಕ್ಕೆ ಹಂಚಿ. ಸಾಹುಕಾರರ ಮನೆಯಲ್ಲಿ ಅಡುಗೆಗೆ ನಿಲ್ಲುತ್ತಾಳೆ. ಮುಖವಾಡ ತೆಗೆದಿಟ್ಟಿದ್ದಾಗ ಒಮ್ಮೆ ಆ ಮನೆಯ ಮಗ ನೋಡಿಬಿಡುತ್ತಾನೆ. (ಅವಳು ಮನೆ ಬಿಡಲು ಕಾರಣವಾದ ಭಾಗ ಮಕ್ಕಳಿಗಲ್ಲ, ಅದನ್ನು ಹಾರಿಸಿ ಹೇಳಿ.)

ಈ ಕಥೆ ಹೇಳಿ, ಅದೇ ಲ್ಯಾಪ್‌ಟಾಪ್ ಆಟದಲ್ಲಿ "ಹಂಚಿಯ ಅಡುಗೆಮನೆ ಮಾಡು ನೋಡೋಣ" ಅನ್ನಿ. ಪಟ್ಟಿಯಲ್ಲಿ ಮಣ್ಣಿನ ಮುಖವಾಡ ಎಲ್ಲಿಂದ ಸಿಗಬೇಕು? ನನಗೆ ಗೊತ್ತಿರುವ ಒಬ್ಬ ಹುಡುಗಿ ಹೂಕುಂಡವನ್ನು ಎಳೆದು ಗೊಂಬೆಯ ಮುಖದ ಮುಂದೆ ಇಟ್ಟಳು. ಅವಳ ತಮ್ಮ ಅದನ್ನು ಆಚೆ ಎಳೆದ, "ಸಾಹುಕಾರ ಬಂದ!" ಅಂತ ಇಬ್ಬರೂ ಕಿರುಚಿದರು. ಆಟ ಮಾಡಿದವರು ಕನಸಿನಲ್ಲೂ ಎಣಿಸದ ಆಟ ಅದು.

ಆರು ಸಾವಿರದ ಗೊಂಬೆ ಮನೆ ಖಂಡಿತ ಬೇಡ. ಚಪ್ಪಲಿ ಡಬ್ಬಿ ನಾಲ್ಕು ತೆಗೆದು ಎರಡರ ಮೇಲೆ ಎರಡು ಇಟ್ಟು ಅಂಟಿಸಿ, ನಾಲ್ಕು ಕೋಣೆ. ಬೆಂಕಿಪೊಟ್ಟಣ ಮೂರು ಅಂಟಿಸಿದರೆ ಒಳಗೆಳೆಯುವ ಬೀರು, ಬಾಟಲಿಯ ಮುಚ್ಚಳ ತೊಟ್ಟಿ, ಹಳೆಯ ಸೀರೆಯಂಚು ಪರದೆ. ಚನ್ನಪಟ್ಟಣದ ಅರಗಿನ ಬಣ್ಣದ ಪುಟ್ಟ ಅಡುಗೆ ಸಾಮಾನು ಸಿಕ್ಕರೆ ಅದಕ್ಕೆ ಕೊಟ್ಟ ದುಡ್ಡು ವ್ಯರ್ಥವಲ್ಲ. ಲ್ಯಾಪ್‌ಟಾಪಿನಲ್ಲಿ ಮಾಡಿದ ಕೋಣೆಯನ್ನು ಡಬ್ಬಿಯಲ್ಲಿ ಮಾಡಲು ಅವಳೇ ಹೊರಡುತ್ತಾಳೆ, ನೋಡುತ್ತಿರಿ. ಅಲ್ಲಿ ಕನ್ನಡಿ ಬೀಳುತ್ತದೆ, ಬೀರು ಬಾಗಿಲಲ್ಲಿ ತೂರುವುದಿಲ್ಲ. ಇನ್ನು ನಿಮ್ಮ ಅತ್ತೆಯವರಲ್ಲಿ ಒಂದು ಅರಿಕೆ. ದಸರೆಗೆ ಮನೆಯಲ್ಲಿ ಗೊಂಬೆ ಕೂರಿಸುವವರಾದರೆ, ಪಟ್ಟದ ಗೊಂಬೆಗಳು ಮೇಲೆ ಸುರಕ್ಷಿತವಾಗಿರಲಿ, ಕೆಳಗಿನ ಮೆಟ್ಟಿಲನ್ನು ಮೊಮ್ಮಗಳಿಗೆ ಬಿಟ್ಟುಕೊಡಲಿ. ಮದುವೆ ದಿಬ್ಬಣದ ಮಧ್ಯೆ ಡೈನೋಸಾರ್ ಬಂದರೂ ಒಂಬತ್ತು ದಿನ ಸುಮ್ಮನಿರಬೇಕು, ಅಷ್ಟೇ ಷರತ್ತು.

ಹೊತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2ರಿಂದ 5 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, 5ರಿಂದ 10ರವರೆಗೆ ಎರಡು ಗಂಟೆಗಿಂತ ಕಡಿಮೆ ಅನ್ನುತ್ತದೆ. ಟಿವಿ, ಫೋನು ಎಲ್ಲ ಸೇರಿಸಿ. ನಿಮ್ಮ ಮುಕ್ಕಾಲು ಗಂಟೆ ಅದರೊಳಗೇ ಇದೆ. ನಿಲ್ಲಿಸುವಾಗ ರಂಪ ಆಗುತ್ತದೆ ಅಂದರೆ ಗಡಿಯಾರ ತೋರಿಸಬೇಡಿ. "ಗೊಂಬೆಗಳಿಗೆ ನಿದ್ದೆ ಬಂತು, ಮಲಗಿಸಿ ಬಾ" ಅನ್ನಿ. ಇಂಥ ಬಹಳಷ್ಟು ಆಟಗಳಲ್ಲಿ ದೀಪ ಮುಟ್ಟಿದರೆ ಆರುತ್ತದೆ. ಒಂದೊಂದು ಕೋಣೆಯ ದೀಪ ಆರಿಸುತ್ತಾ ಬಂದರೆ ಮನೆಯೆಲ್ಲ ಕತ್ತಲಾಗುವ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಲು ಅವಳ ಮನಸ್ಸೂ ಒಪ್ಪಿರುತ್ತದೆ. ನೂರಕ್ಕೆ ನೂರು ಸಲ ನಡೆಯುತ್ತದೆ ಅಂತಲ್ಲ. ನಮ್ಮ ಮನೆಯಲ್ಲಿ ಹೆಚ್ಚು ಕಡಿಮೆ ನಡೆಯುತ್ತಿತ್ತು.

ಎಲ್ಲ ಅಳಿಸಿ ಮತ್ತೆ ಶುರು ಮಾಡುತ್ತಾಳೆ ಅಂದಿರಿ. ಮಾಡಲಿ. ಬೆಳಿಗ್ಗೆ ಬಿಡಿಸಿದ ರಂಗೋಲಿಯನ್ನು ನಾವು ಮರುದಿನಕ್ಕೆ ಉಳಿಸಿಕೊಳ್ಳುತ್ತೇವೆಯೇ? ಮನೆಯ ಕಥೆ ಮುಗಿದಿರುತ್ತದೆ, ಆ ಜನ ಊರು ಬಿಟ್ಟಿರುತ್ತಾರೆ. ನಿಮಗೆ ಹೊಟ್ಟೆ ಉರಿದರೆ ಅಳಿಸುವ ಮುಂಚೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಆದರೆ "ಎಷ್ಟು ಚೆನ್ನಾಗಿತ್ತಲ್ಲೇ, ಯಾಕೆ ಅಳಿಸಿದೆ" ಅನ್ನಬೇಡಿ. ಹಾಗಂದರೆ ನಾಳೆಯಿಂದ ನಿಮಗೋಸ್ಕರ ಚೆನ್ನಾಗಿ ಮಾಡಲು ಹೊರಡುತ್ತಾಳೆ, ತೊಟ್ಟಿ ಸ್ನಾನದ ಮನೆಗೆ ಹೋಗುತ್ತದೆ.

ಇವತ್ತು ಸಂಜೆ ಆ ತೊಟ್ಟಿಯಲ್ಲಿ ಯಾರು ಸ್ನಾನ ಮಾಡುತ್ತಾರೆ ಅಂತ ಅವಳನ್ನು ಕೇಳಿ. ಏನು ಹೇಳಿದಳು ಅಂತ ನನಗೂ ಒಂದು ಸಾಲು ಬರೆಯಿರಿ, ಕುತೂಹಲವಿದೆ.